ಮಳೆಗಾಲಕ್ಕೆ ಮುಂಚೆ ಕೇಳ್ತಿದ್ದೇನೆ: ಕೊಡಗಿನ ಇಳಿಜಾರು, ತಿರುವುಗಳಲ್ಲಿ ಟೂ ವೀಲರ್ ಓಡಿಸುವುದು ಹೇಗೆ?

ಹೊಸದುರ್ಗದವಳು:

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಕೆಲಸ, ಮಡಿಕೇರಿಗೆ ವರ್ಗವಾಗಿ ಬಂದಿದ್ದೇನೆ. ಬಾಡಿಗೆ ಮನೆ ಸಿಕ್ಕಿದ್ದು ಮೂರ್ನಾಡಿನಲ್ಲಿ. 125 ಸಿಸಿ ಸ್ಕೂಟರ್ ಇದೆ. ನಮ್ಮ ಕಡೆ ಎದುರಿನ ಲಾರಿ ಒಂದು ಕಿಲೋಮೀಟರ್ ದೂರದಿಂದಲೇ ಕಾಣುತ್ತದೆ. ಇಲ್ಲಿ ಹಾರನ್ ಕೇಳಿಸುವಷ್ಟರಲ್ಲಿ ಬಸ್ಸೇ ಮುಂದೆ ಬಂದಿರುತ್ತದೆ.

ಸಂಜೆ ಮಡಿಕೇರಿಯಿಂದ ಮೇಕೇರಿ ಕಡೆ ಇಳಿಯುವಾಗ ಎರಡೂ ಬ್ರೇಕ್ ಹಿಡಿದುಕೊಂಡೇ ಬರುತ್ತೇನೆ. ಕೆಳಗೆ ತಲುಪುವ ಹೊತ್ತಿಗೆ ಲಿವರ್ ಸಡಿಲ ಆದ ಹಾಗಿರುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಗಾಡಿಯಲ್ಲಿ ತೊಂದರೆ ಇದೆಯಾ?

ಇನ್ನೊಂದು ವಿಷಯ. ತಿರುವಿನಲ್ಲಿ ರಸ್ತೆಯ ಯಾವ ಭಾಗದಲ್ಲಿ ಇರಬೇಕು? ಎಡಕ್ಕೆ ಅಂಟಿಕೊಂಡರೆ ಪಾಚಿ, ಚರಂಡಿ. ನಡುವೆ ಬಂದರೆ ಬಸ್ಸು. "ನಿಧಾನ ಹೋಗಿ ಮೇಡಂ" ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿಯಾಗಿದೆ. ಅದಕ್ಕಿಂತ ಸ್ವಲ್ಪ ಜಾಸ್ತಿ ತಿಳಿದವರು ಹೇಳಿ.

ಗ್ಯಾರೇಜ್ ಮಡಿಕೇರಿ:

ಅಕ್ಕ, ಗಾಡಿಯಲ್ಲಿ ತೊಂದರೆ ಇರಲಿಕ್ಕಿಲ್ಲ. ಬ್ರೇಕ್ ಕಾದಿದೆ ಅಷ್ಟೆ. ಇಳಿಜಾರಿನ ಉದ್ದಕ್ಕೂ ಹಿಡಿದೇ ಇದ್ದರೆ ಲೈನರ್‌ಗೆ ತಣ್ಣಗಾಗಲು ಸಮಯವೇ ಸಿಗುವುದಿಲ್ಲ. ಕಾದ ಲೈನರ್ ಡ್ರಮ್ಮಿಗೆ ಸರಿಯಾಗಿ ಕಚ್ಚುವುದಿಲ್ಲ. ಎಷ್ಟು ಹಿಂಡಿದರೂ ಗಾಡಿ ಜಾರಿಕೊಂಡು ಹೋಗುತ್ತದೆ. ಡಿಸ್ಕ್ ಇದ್ದರೆ ಆಯಿಲ್ ಕಾದು ಲಿವರ್ ಮೆತ್ತಗಾಗುತ್ತದೆ. ಆಯಿಲ್ ಹಳೆಯದಾಗಿ ನೀರು ಹೀರಿಕೊಂಡಿದ್ದರೆ ಇನ್ನೂ ಬೇಗ.

ಗೇರ್ ಗಾಡಿಯವರಿಗೆ ಇದಕ್ಕೆ ಸುಲಭದ ದಾರಿ ಇದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಸ್ಕೂಟರಿನಲ್ಲಿ ಆ ಹಿಡಿತ ಕಡಿಮೆ. ಆಕ್ಸಿಲರೇಟರ್ ಬಿಟ್ಟು ನಿಧಾನ ಆದ ಮೇಲೆ ಒಳಗಿನ ಕ್ಲಚ್ ಬಿಟ್ಟುಕೊಳ್ಳುತ್ತದೆ, ಅಲ್ಲಿಂದ ಮುಂದೆ ನ್ಯೂಟ್ರಲ್‌ನಲ್ಲಿ ಉರುಳಿದ ಹಾಗೆಯೇ. ಹಾಗಾಗಿ ಬ್ರೇಕನ್ನು ಹಿಡಿದು ಬಿಡಬೇಕು. ವೇಗ ಜಾಸ್ತಿ ಆಗುತ್ತಿದೆ ಅನಿಸಿದಾಗ ಎರಡೂ ಲಿವರ್ ಗಟ್ಟಿಯಾಗಿ ಹಿಡಿದು ಚೆನ್ನಾಗಿ ಇಳಿಸಿ, ಪೂರ್ತಿ ಬಿಡಿ. ಮತ್ತೆ ಏರಿದಾಗ ಮತ್ತೆ ಹಿಡಿಯಿರಿ. ಆ ನಡುವಿನ ಬಿಡುವಿನಲ್ಲಿ ಗಾಳಿ ತಾಗಿ ತಣ್ಣಗಾಗುತ್ತದೆ.

ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ, ಹತ್ತು ನಿಮಿಷ ಬಿಡಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಬಾಗುತ್ತದೆ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಮಡಿಕೇರಿಯಿಂದ ಸಂಪಾಜೆಗೆ ಸುಮಾರು ಸಾವಿರ ಮೀಟರ್ ಇಳಿತ. ಅಲ್ಲಿ ಈ ಉಳಿತಾಯ ಯಾರಿಗೂ ಬೇಡ.

ಕುಶಾಲನಗರ ಬುಲೆಟ್:

ಗ್ಯಾರೇಜ್ ಅಣ್ಣ ಹೇಳಿದ್ದು ಸರಿ. ತಿರುವಿನ ವಿಷಯ ನಾನು ಹೇಳುತ್ತೇನೆ. ಬ್ರೇಕ್ ಕೆಲಸ, ಗೇರ್ ಇಳಿಸುವುದು ಎಲ್ಲ ತಿರುವು ಶುರುವಾಗುವ ಮೊದಲೇ ಮುಗಿಯಬೇಕು. ಒಳಗೆ ಹೋದ ಮೇಲೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟುಕೊಂಡು ಹೋಗಬೇಕು, ಗಾಡಿ ಸ್ಥಿರವಾಗಿರುತ್ತದೆ. ವಾಲಿಸಿದಾಗ ಗಟ್ಟಿ ಬ್ರೇಕ್ ಹಿಡಿದರೆ ಟೈರಿನ ಹಿಡಿತವೆಲ್ಲ ಅದಕ್ಕೇ ಖರ್ಚಾಗುತ್ತದೆ, ತಿರುಗಲು ಏನೂ ಉಳಿಯುವುದಿಲ್ಲ.

ಕಣ್ಣು ತಿರುವಿನ ಕೊನೆಯ ಕಡೆ ಇರಲಿ. ಗುಂಡಿ ನೋಡಿದರೆ ಗುಂಡಿಗೇ ಹೋಗುತ್ತೀರಿ, ಇದು ಎಲ್ಲರಿಗೂ ಆಗುವುದೇ. ಇನ್ನು ಜಾಗ: ಎಡ ತಿರುವಿಗೆ ನಡುಗೆರೆಯ ಹತ್ತಿರದಿಂದ ಒಳಗೆ ಹೋಗಿ, ಬಲ ತಿರುವಿಗೆ ಎಡ ಅಂಚಿನಿಂದ. ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ. ಹಾಗೆ ಮಾಡಿದರೆ ತಿರುವು ಅಗಲ ಆಗುತ್ತದೆ, ಮುಂದಿನದು ಬೇಗ ಕಾಣುತ್ತದೆ.

ಘಾಟಿ ಬಸ್ಸಿನವ:

ತಮ್ಮಾ, ಮೊದಲಿನ ಭಾಗ ಒಪ್ಪಿದೆ. ಎರಡನೆಯದಕ್ಕೆ ನನ್ನ ತಕರಾರಿದೆ. ನಾನು ಸಂಪಾಜೆ ಘಾಟಿಯಲ್ಲಿ ಬಸ್ ಓಡಿಸಿ ರಿಟೈರ್ ಆದವನು. ಸ್ಟಿಯರಿಂಗ್ ಹಿಂದೆ ಕೂತವರಿಗೆ ಏನು ಕಾಣುತ್ತದೆ ಅಂತ ಹೇಳುತ್ತೇನೆ, ಕೇಳಿ.

ಬಸ್ಸಿನ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲೇ ಬರುವುದಿಲ್ಲ. ತಿರುವಿನ ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ನಿಮಗೆ ಎಡ ತಿರುವು ಅಂದರೆ ಎದುರು ಬರುವ ಬಸ್ಸಿಗೆ ಬಲ ತಿರುವು. ಅದರ ಹಿಂದಿನ ಚಕ್ರ, ಹಿಂದಿನ ಬದಿ ನಡುಗೆರೆಯ ಮೇಲೆ, ಕೆಲವು ಸಲ ನಿಮ್ಮ ಕಡೆಗೇ ಬಂದಿರುತ್ತದೆ. ಬಸ್ಸಿನ ಮೂತಿ ನಿಮ್ಮನ್ನು ದಾಟಿತು ಅಂತ ಸಮಾಧಾನ ಆಗುವಾಗಲೇ ಹಿಂಭಾಗ ಹತ್ತಿರ ಆಗುತ್ತಿರುತ್ತದೆ. ನೀನು ಹೇಳಿದ ಹಾಗೆ ನಡುಗೆರೆ ಹತ್ತಿರದಿಂದ ಒಳಗೆ ಬಂದವನು ಸರಿಯಾಗಿ ಆ ಜಾಗದಲ್ಲೇ ಇರುತ್ತಾನೆ.

ನಿಮಗೆ ಬಲ ತಿರುವು ಆದರೆ ಕಥೆ ಬೇರೆ. ಬಸ್ಸು ಒಳಸುತ್ತಿನಲ್ಲಿದೆ. ಹಿಂದಿನ ಚಕ್ರ ಚರಂಡಿಗೆ ಬೀಳಬಾರದು ಅಂತ ನಾವು ಮೊದಲು ಮೂತಿಯನ್ನು ಹೊರಗೆ ಹಾಕಿ ಆಮೇಲೆ ತಿರುಗಿಸುತ್ತೇವೆ. ಆ ಹೊರಗೆ ಅನ್ನುವುದು ನಿಮ್ಮ ಜಾಗ. ಇದರ ಮೇಲೆ ಬೈಕಿನವರಿಗೆ ಇನ್ನೊಂದು ಅಪಾಯ. ಬಲ ತಿರುವಿನಲ್ಲಿ ಗಾಡಿ ಬಲಕ್ಕೆ ವಾಲಿರುತ್ತದೆ. ಟೈರ್ ನಡುಗೆರೆಯ ಎಡಕ್ಕೇ ಇದ್ದರೂ ತಲೆ ಗೆರೆ ದಾಟಿ ಬಂದಿರುತ್ತದೆ. ಟೈರ್ ನೋಡಿಕೊಂಡು "ನಾನು ನನ್ನ ಸೈಡಿನಲ್ಲೇ ಇದ್ದೆ" ಅಂತ ಹೇಳುವವನ ಹೆಲ್ಮೆಟ್ ನಮ್ಮ ಸೈಡಿನಲ್ಲಿರುತ್ತದೆ.

ಕುಶಾಲನಗರ ಬುಲೆಟ್:

ಅಂಕಲ್, ಎಡ ಅಂಚಿಗೇ ಅಂಟಿಕೊಂಡರೆ ಮುಂದೆ ಏನೂ ಕಾಣುವುದಿಲ್ಲ ಅಲ್ವಾ? ಬರೆ, ಅಂದರೆ ರಸ್ತೆ ಬದಿಯ ಕಡಿದಾದ ಮಣ್ಣಿನ ದಿಣ್ಣೆ ಅಡ್ಡ, ತೋಟದ ಬೇಲಿ ಅಡ್ಡ. ಕಾಣಬೇಕು ಅಂದರೆ ಸ್ವಲ್ಪ ಬಲಕ್ಕೆ ಬರಲೇಬೇಕು.

ಘಾಟಿ ಬಸ್ಸಿನವ:

ನಿನಗೆ ಕಾಣಬೇಕು ಅಂತ ನನ್ನ ಚಕ್ರದ ದಾರಿಯಲ್ಲಿ ಬಂದು ನಿಲ್ಲುತ್ತೀಯಾ? ಕಾಣದಿದ್ದರೆ ವೇಗ ಇಳಿಸು.

ಗ್ಯಾರೇಜ್ ಮಡಿಕೇರಿ:

ಇಬ್ಬರೂ ಹೇಳುತ್ತಿರುವುದು ಅರ್ಧರ್ಧ ಸರಿ. ಎರಡು ಲೇನ್ ಸರಿಯಾಗಿ ಇರುವ ಕಡೆ, ಮುಂದೆ ಖಾಲಿ ಅಂತ ಕಾಣುವಾಗ, ಎಡ ತಿರುವಿಗೆ ನಿಮ್ಮ ಲೇನಿನ ಬಲ ಅರ್ಧದಲ್ಲಿ ಬಂದರೆ ನೋಟ ಜಾಸ್ತಿ ಸಿಗುತ್ತದೆ. ಏನಾದರೂ ಕಂಡ ಕೂಡಲೇ ಎಡಕ್ಕೆ ಸರಿಯಲು ಆಗುವಷ್ಟು ವೇಗದಲ್ಲಿರಬೇಕು. ಹೇರ್‌ಪಿನ್‌ನಲ್ಲಿ, ಕಿರಿದಾದ ರಸ್ತೆಯಲ್ಲಿ ಆ ಆಟ ಬೇಡ. ಅಲ್ಲಿ ಲೇನಿನ ಎಡ ಅರ್ಧವೇ ಗತಿ. ಆದರೆ ಕಟ್ಟ ಕಡೆಯ ಒಂದಡಿ ಬಿಟ್ಟುಬಿಡಿ. ಪಾಚಿ, ಸಿಲ್ವರ್ ಓಕ್ ಎಲೆ, ಬರೆಯಿಂದ ತೊಳೆದು ಬಂದ ಮಣ್ಣು ಎಲ್ಲ ಸೇರುವುದು ಅಲ್ಲಿಯೇ.

ಬುಲೆಟ್ ತಮ್ಮ ಹೇಳಿದ ಹೊರಗೆ-ಒಳಗೆ-ಹೊರಗೆ ಲೆಕ್ಕ ಎದುರಿನಿಂದ ಯಾರೂ ಬರದ ಟ್ರ್ಯಾಕಿಗೆ ಸರಿ. ತಿರುವಿನ ಕೊನೆಗೆ ಹೊರಗೆ ತೇಲುವುದು ಅಂದರೆ ಎಡ ತಿರುವಿನಲ್ಲಿ ನೇರ ಎದುರಿನ ಗಾಡಿಯ ಮುಂದಕ್ಕೆ ಹೋಗುವುದು.

ಅಮ್ಮತ್ತಿ ಮೇಷ್ಟ್ರು:

ಲೆಕ್ಕ ಮಾಡಿದರೆ ಈ ಜಗಳ ಅರ್ಧ ಮುಗಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. 40 ಅಂದರೆ 11. ಎದುರಿಗೆ ಏನೋ ಇದೆ ಅಂತ ಕಂಡು, ತಲೆಗೆ ಹೊಳೆದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಹೋಗಿರುತ್ತದೆ. ಆ 17 ಮೀಟರ್ ಬ್ರೇಕೇ ಇಲ್ಲದೆ ಕಳೆದದ್ದು. ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ವೇಗದ ವರ್ಗದ ಹಾಗೆ ಏರುತ್ತದೆ. 30ಕ್ಕೆ ಎಷ್ಟು ಬೇಕೋ 60ಕ್ಕೆ ಅದರ ನಾಲ್ಕು ಪಟ್ಟು. ಒದ್ದೆ ರಸ್ತೆ ಆದರೆ, ಇಳಿಜಾರಾದರೆ ಇನ್ನೂ ಜಾಸ್ತಿ.

ಆದ್ದರಿಂದ ಕಣ್ಣಿಗೆ ಕಾಣುವ ರಸ್ತೆಯೊಳಗೆ ನಿಲ್ಲಿಸಲು ಆಗಬೇಕು. ಇದು ಎರಡು ಗಾಡಿ ಸಲೀಸಾಗಿ ಹೋಗುವ ರಸ್ತೆಯ ಮಾತು. ನಮ್ಮ ತೋಟದ ರಸ್ತೆಗಳಲ್ಲಿ ಒಂದೇ ಜೀಪು ಹಿಡಿಸುತ್ತದೆ. ಅಲ್ಲಿ ಕಾಣುವುದರ ಅರ್ಧದೊಳಗೆ ನಿಲ್ಲಿಸಬೇಕು. ಏಕೆಂದರೆ ಎದುರಿನವನೂ ಬರುತ್ತಿದ್ದಾನೆ, ಉಳಿದ ಅರ್ಧ ಅವನಿಗೆ ಬೇಕು. ತಿರುವಿನಲ್ಲಿ 20 ಮೀಟರ್ ಮಾತ್ರ ಕಾಣುತ್ತಿದೆ ಅಂದರೆ ನಿಮ್ಮದು 10 ಮೀಟರ್. ಎಡ, ನಡು, ಬಲ ಎಲ್ಲಿದ್ದರೂ ಇದೇ ಲೆಕ್ಕ.

ಹೊಸದುರ್ಗದವಳು:

ಮೇಷ್ಟ್ರೇ, ಈ ಅರ್ಧದ ಲೆಕ್ಕ ನಾನು ಎಲ್ಲೂ ಕೇಳಿರಲಿಲ್ಲ. ಬಸ್ಸಿನ ಹಿಂದಿನ ಚಕ್ರದ ವಿಷಯವೂ ಅಷ್ಟೇ. ಹಾರನ್ ಹೊಡೆಯುವುದು ಸರಿಯಾ? ಇಲ್ಲಿ ಕೆಲವರು ತಿರುವು ಪೂರ್ತಿ ಒತ್ತಿಕೊಂಡೇ ಬರುತ್ತಾರೆ.

ಘಾಟಿ ಬಸ್ಸಿನವ:

ಕುರುಡು ತಿರುವಿಗೆ ಮುಂಚೆ ಒಂದು ಸಲ ಹೊಡಿ ಮಗಳೇ. ಆಮೇಲೆ ಕೇಳಿಸಿಕೊ. ಒತ್ತಿಕೊಂಡೇ ಬರುವವನಿಗೆ ಎದುರಿನವನ ಹಾರನ್ ಕೇಳುವುದು ಹೇಗೆ? ರಾತ್ರಿ ಆದರೆ ಡಿಮ್-ಡಿಪ್ ಸಾಕು, ಬರೆಯ ಮೇಲೆ ಬೆಳಕು ಬಿದ್ದದ್ದು ದೂರಕ್ಕೆ ಗೊತ್ತಾಗುತ್ತದೆ.

ಬಸ್ಸಿನ ಹಿಂದೆ ಬರುವಾಗ ಜಾಗ ಬಿಡು. ಇಲ್ಲಿ ಜನ ತೋಟದ ಗೇಟಿನ ಮುಂದೆ ನಿಂತು ಕೈ ಎತ್ತಿದರೆ ನಿಲ್ಲಿಸುತ್ತೇವೆ. ಅದು ತಿರುವೋ ಇಳಿಜಾರೋ ನೋಡಿಕೊಂಡಿರಲ್ಲ, ತಪ್ಪೇ. ನಿಂತ ಬಸ್ಸನ್ನು ಎಡದಿಂದ ಮಾತ್ರ ದಾಟಬೇಡ, ಬಾಗಿಲಿನಿಂದ ಇಳಿಯುವವರು ಅಲ್ಲಿಗೇ ಕಾಲಿಡುವುದು.

ವಿರಾಜಪೇಟೆ ವಕೀಲ:

ಕಾನೂನಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಕಡಿದಾದ ರಸ್ತೆಯಲ್ಲಿ ಎರಡು ಗಾಡಿ ಸಲೀಸಾಗಿ ದಾಟಲು ಜಾಗ ಇಲ್ಲದಿದ್ದರೆ ಇಳಿಯುವವನು ಬದಿಗೆ ನಿಲ್ಲಿಸಿ ಹತ್ತುವವನಿಗೆ ದಾರಿ ಬಿಡಬೇಕು. ಹಳೆಯ ರಸ್ತೆ ನಿಯಮಗಳಲ್ಲೂ ಇತ್ತು, 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ಇದೆ. ಹತ್ತುವ ಲಾರಿ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಕಷ್ಟ, ಹಿಂದಕ್ಕೆ ಜಾರಲೂಬಹುದು. ವಾರಾಂತ್ಯಕ್ಕೆ ಬರುವ ಕಾರುಗಳಿಗೆ ಇದು ಗೊತ್ತೇ ಇಲ್ಲ ಅನ್ನುವುದು ಮಾಕುಟ್ಟ ರಸ್ತೆಯಲ್ಲಿ ಒಂದು ಭಾನುವಾರ ನಿಂತರೆ ತಿಳಿಯುತ್ತದೆ.

ತೋಟದ ಒಳರಸ್ತೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಬೈಕ್ ಕೊಡುವವರು ಇದ್ದರೆ ಗಮನಿಸಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಇಲ್ಲ. "ಮೇನ್ ರೋಡಿಗೆ ಹೋಗಲ್ಲ ಸರ್, ಹಾಲಿನ ಡೈರಿ ತನಕ ಮಾತ್ರ" ಅನ್ನುವುದು ವಾದ ಆಗುವುದಿಲ್ಲ. ಡೈರಿ ಇರುವುದೂ ಸಾರ್ವಜನಿಕ ರಸ್ತೆಯಲ್ಲೇ.

ಸಿದ್ದಾಪುರ ಕಾಫಿ:

ಹೊಸಬರು ಜೂನ್ ಬಗ್ಗೆ ಹೆದರುತ್ತಾರೆ. ನನ್ನನ್ನು ಕೇಳಿದರೆ ಹೂಮಳೆಯೇ ಜಾಸ್ತಿ ಕೆಟ್ಟದ್ದು. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದರೆ ನಾವು ತೋಟದವರು ಕುಣಿಯುತ್ತೇವೆ, ಕಾಫಿ ಹೂ ಬಿಡುತ್ತದೆ. ಆದರೆ ತಿಂಗಳುಗಟ್ಟಲೆ ರಸ್ತೆಯಲ್ಲಿ ಕೂತ ಧೂಳು, ಡೀಸೆಲ್, ಆಯಿಲ್ ಆ ಮೊದಲ ಹನಿಗಳಿಗೆ ಕಲಸಿ ಸಾಬೂನಿನ ಹಾಗಾಗುತ್ತದೆ. ಮೊದಲ ಅರ್ಧ ಗಂಟೆ ಎಲ್ಲಾದರೂ ನಿಂತು ಒಂದು ಕಾಫಿ ಕುಡಿದು ಹೊರಡಿ. ಜೋರಾಗಿ ಸುರಿದು ತೊಳೆದ ಮೇಲೆ ಟೈರ್ ಚೆನ್ನಾಗಿ ಹಿಡಿಯುತ್ತದೆ.

ಕಕ್ಕಡದ, ಅಂದರೆ ಜುಲೈ–ಆಗಸ್ಟ್ ಹೊತ್ತಿನ ಮಳೆಯಲ್ಲಿ ತೊಂದರೆ ಬೇರೆ ತರದ್ದು. ಗಾಳಿಗೆ ಮರ, ಕೊಂಬೆ ಬೀಳುತ್ತದೆ, ಬರೆ ಜರಿಯುತ್ತದೆ. ಮಳೆ ಅಂತ ಬರೆಯ ಕೆಳಗೆ, ದೊಡ್ಡ ಮರದ ಕೆಳಗೆ ನಿಲ್ಲಬೇಡಿ. ಬರೆಯಿಂದ ಇಳಿಯುವ ನೀರು ಇದ್ದಕ್ಕಿದ್ದ ಹಾಗೆ ಕೆಂಪಾದರೆ, ಸಣ್ಣ ಕಲ್ಲು ಉರುಳುತ್ತಿದ್ದರೆ ಅಲ್ಲಿ ನಿಂತು ವಿಡಿಯೊ ಮಾಡುವುದಲ್ಲ, ದೂರ ಹೋಗುವುದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡವೇ ಜಾರಿ ಹೆದ್ದಾರಿ ಮುಚ್ಚಿತ್ತು. ನಮ್ಮ ಜಿಲ್ಲೆಗೆ ರೈಲೂ ಇಲ್ಲ. ರಸ್ತೆ ಹೋದರೆ ಎಲ್ಲ ಹೋಯಿತು.

ಹೊಸದುರ್ಗದವಳು:

ಆನೆ? ಆಫೀಸಿನಲ್ಲಿ ಎಲ್ಲರೂ ಆನೆ ಕಥೆ ಹೇಳಿ ಹೆದರಿಸುತ್ತಿದ್ದಾರೆ.

ಸಿದ್ದಾಪುರ ಕಾಫಿ:

ಮಡಿಕೇರಿ–ಮೂರ್ನಾಡು ದಾರಿಯಲ್ಲಿ ನಿಮಗೆ ಆ ಕಾಟ ಅಷ್ಟಿಲ್ಲ. ನಮ್ಮ ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ಬಂದರೆ ನಿಜವಾಗಿಯೂ ಇದೆ. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ, ಸಂಜೆ ಕತ್ತಲಾದ ಮೇಲೆ ತೋಟದಿಂದ ತೋಟಕ್ಕೆ ದಾಟುತ್ತವೆ. ರಸ್ತೆಯಲ್ಲಿ ಹಸಿ ಲದ್ದಿ, ಮುರಿದ ಬಾಳೆ, ಬಗ್ಗಿದ ಬೇಲಿ ಕಂಡರೆ ಹತ್ತಿರದಲ್ಲೇ ಇದೆ ಅಂತ ತಿಳಿಯಿರಿ.

ಕಂಡರೆ ದೂರದಲ್ಲೇ ನಿಲ್ಲಿಸಿ. ಎಂಜಿನ್ ಆಫ್ ಮಾಡಬೇಡಿ. ಹಾರನ್ ಬೇಡ, ಹೈ ಬೀಮ್ ಕಣ್ಣಿಗೆ ಹಾಕುವುದು ಬೇಡ, ಫೋಟೊ ಅಂತೂ ಬೇಡವೇ ಬೇಡ. ಗಾಡಿ ತಿರುಗಿಸಿ ಹಿಂದೆ ಹೋಗಲು ಜಾಗ ಇದೆಯಾ ಮೊದಲು ನೋಡಿಕೊಳ್ಳಿ. ಒಂದು ಆನೆ ದಾಟಿತು ಅಂತ ಹೊರಡಬೇಡಿ, ಹಿಂದೆ ಮರಿ ಇರಬಹುದು. ನಡುವೆ ಸಿಕ್ಕಿಕೊಂಡರೆ ತಾಯಿ ಬಿಡುವುದಿಲ್ಲ. ಬೈಕಿನವರಿಗೆ ಸುತ್ತ ತಗಡೂ ಇಲ್ಲ. ಬೇರೆ ದೊಡ್ಡ ಗಾಡಿ ಬರುವ ತನಕ ಕಾದರೆ ನಷ್ಟ ಏನಿದೆ?

ನಾಪೋಕ್ಲು ನರ್ಸ್:

ಆನೆಗಿಂತ ನಾಯಿ, ಕಾಡುಹಂದಿಗೆ ಹೊಡೆದು ಬರುವವರೇ ನಮ್ಮಲ್ಲಿ ಜಾಸ್ತಿ.

ಹೆಲ್ಮೆಟ್ ಬಗ್ಗೆ ಯಾರೂ ಬರೆದಿಲ್ಲ, ಎಲ್ಲರಿಗೂ ಗೊತ್ತಿದೆ ಅಂತ ಇರಬೇಕು. ಐಎಸ್ಐ ಗುರುತು ಇಲ್ಲದ ಹೆಲ್ಮೆಟ್ ಮಾರುವುದೇ 2021ರ ಜೂನ್‌ನಿಂದ ಕಾನೂನಿಗೆ ವಿರುದ್ಧ, ಆದರೂ ರಸ್ತೆ ಬದಿ ಹಗ್ಗಕ್ಕೆ ನೇತು ಹಾಕಿ ಮಾರುತ್ತಾರೆ. ಒಳ್ಳೆಯದು ತೆಗೆದುಕೊಂಡು ಬಕಲ್ ಹಾಕದೇ ಬಂದರೆ ಬಿದ್ದ ಕೂಡಲೇ ತಲೆಯಿಂದ ಹಾರಿ ಹೋಗುತ್ತದೆ. ಗದ್ದದ ಕೆಳಗೆ ಎರಡು ಬೆರಳು ಹೋಗುವಷ್ಟು ಬಿಗಿ ಇದ್ದರೆ ಸಾಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಾಯಿಸಿ. ಒಳಗಿನ ಥರ್ಮೋಕೋಲ್ ಒಂದು ಸಲ ಅದುಮಿದರೆ ಮತ್ತೆ ಉಬ್ಬುವುದಿಲ್ಲ.

ಬಿದ್ದವರನ್ನು ನೋಡಿದರೆ 108ಕ್ಕೆ ಫೋನ್ ಮಾಡಿ, ಪೊಲೀಸರೂ ಬೇಕಾದರೆ 112. ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ವೈಸರ್ ಎತ್ತಿ, ಗಾಳಿ ಬರಲಿ. ಬಾಯಿಗೆ ನೀರು ಹಾಕಬೇಡಿ. ನಾಲ್ಕು ಜನ ಕೈಕಾಲು ಹಿಡಿದು ಜೀಪಿಗೆ ಎತ್ತಿ ಹಾಕುವುದು ನಮ್ಮ ಕಡೆ ಪ್ರೀತಿಯಿಂದ ಮಾಡುವ ಕೆಲಸ, ಅದರಿಂದಲೇ ಬೆನ್ನುಹುರಿ ಹೋಗಬಹುದು. ತಿರುವಿನಲ್ಲಿ ಬಿದ್ದಿದ್ದರೆ ಮೊದಲು ಒಬ್ಬರು ತಿರುವಿನ ಆಚೆ ನಿಂತು ಬರುವ ಗಾಡಿ ನಿಲ್ಲಿಸಿ.

ವಿರಾಜಪೇಟೆ ವಕೀಲ:

ಸಹಾಯ ಮಾಡಿದರೆ ಕೋರ್ಟಿಗೆ ಅಲೆಯಬೇಕಾಗುತ್ತದೆ ಅಂತ ಸುಮ್ನೆ ಹೋಗುವವರು ಇದ್ದಾರೆ. ಈಗ ಕಾಯ್ದೆಯಲ್ಲೇ 134ಎ ಕಲಂ ಇದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ. ಹೆಸರು, ವಿಳಾಸ ಕೊಡಲೇಬೇಕು ಎಂದು ಒತ್ತಾಯಿಸುವ ಹಾಗೂ ಇಲ್ಲ.

ಕುಶಾಲನಗರ ಬುಲೆಟ್:

ಮಂಜಿನ ಬಗ್ಗೆ ಒಂದು. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ತಾಗಿ ವಾಪಸ್ ಕಣ್ಣಿಗೇ ಬರುತ್ತದೆ, ಎದುರು ಬಿಳಿ ಗೋಡೆ. ಡಿಮ್‌ನಲ್ಲಿ ಹೋಗಿ. ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡಿಕೊಂಡು ಹೋಗಿ, ನಡುಗೆರೆ ಹಿಡಿದು ಹೋದರೆ ಎದುರಿನವನೂ ಅದನ್ನೇ ಹಿಡಿದು ಬರುತ್ತಿರುತ್ತಾನೆ. ಮುಂದಿನ ಗಾಡಿಯ ಟೇಲ್ ಲ್ಯಾಂಪ್ ನಂಬಿ ಹತ್ತಿರ ಹೋಗುವುದೂ ಬೇಡ. ವೈಸರ್ ಒಳಗಡೆ ಉಸಿರಿಗೆ ಮಂಜಾಗುತ್ತದೆ, ಒಂದು ಚೂರು ತೆರೆದಿಡಿ ಅಥವಾ ಆ್ಯಂಟಿ ಫಾಗ್ ಹಾಳೆ ಅಂಟಿಸಿಕೊಳ್ಳಿ. ಕಪ್ಪು ವೈಸರ್ ಮಳೆಗಾಲದಲ್ಲಿ ಬೇಡವೇ ಬೇಡ.

ಅಂಕಲ್, ಲೈನ್ ವಿಷಯದಲ್ಲಿ ಹೇರ್‌ಪಿನ್ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ. ಕುಶಾಲನಗರ–ಸುಂಟಿಕೊಪ್ಪ ರಸ್ತೆಗೆ ಒಪ್ಪುವುದಿಲ್ಲ.

ಘಾಟಿ ಬಸ್ಸಿನವ:

ಅಷ್ಟಾದರೂ ಒಪ್ಪಿದೆಯಲ್ಲ, ಸಾಕು.

ಗ್ಯಾರೇಜ್ ಮಡಿಕೇರಿ:

ಅಕ್ಕ, ಮಳೆಗಾಲದ ಮುಂಚೆ ಟೈರ್ ನೋಡಿ. ಗಾಡಿಯ ಟೈರಿನ ಗೆರೆಗಳ ನಡುವೆ ಸಣ್ಣ ಉಬ್ಬು ಇರುತ್ತದೆ, ಬದಿಯಲ್ಲಿ ಟಿಡಬ್ಲ್ಯುಐ ಅಂತ ಗುರುತು ಇರುತ್ತದೆ. ಟೈರ್ ಆ ಉಬ್ಬಿನ ಮಟ್ಟಕ್ಕೆ ಸವೆದಿದ್ದರೆ ಬದಲಾಯಿಸಿ. ಹಿಡಿತಕ್ಕೆ ಅಂತ ಗಾಳಿ ಇಳಿಸಿ ಓಡಿಸುವವರ ಮಾತು ಕೇಳಬೇಡಿ. ಕಂಪನಿ ಹೇಳಿದಷ್ಟೇ ಇರಲಿ, ಗೆರೆ ನೀರನ್ನು ಹೊರಗೆ ತಳ್ಳುವುದು ಆಗಲೇ. ರಸ್ತೆ ಮೇಲೆ ಹರಿಯುವ ನೀರು ದಾಟಿದ ಮೇಲೆ ಬ್ರೇಕ್ ಒಂದೆರಡು ಸಲ ಮೆಲ್ಲಗೆ ಹಿಡಿದು ಒಣಗಿಸಿಕೊಳ್ಳಿ.

ನಿಮ್ಮದು 2019ರ ಏಪ್ರಿಲ್ ನಂತರದ ಗಾಡಿಯಾದರೆ ಸಿಬಿಎಸ್ ಇರುತ್ತದೆ. ಎಡಗೈ ಲಿವರ್ ಹಿಡಿದರೆ ಹಿಂದಿನದರ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಅದೇ ಸಾಕು ಅಂತ ಬಲಗೈ ಮರೆಯಬೇಡಿ. ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದು ಮುಂದಿನ ಚಕ್ರಕ್ಕೆ. ರೈನ್‌ಕೋಟ್ ಪ್ಯಾಂಟು–ಜರ್ಕಿನ್ ತರದ್ದು ತೆಗೆದುಕೊಳ್ಳಿ. ಕೊಡೆ ಹಿಡಿದು ಹಿಂದೆ ಕೂರುವವರನ್ನು ಹತ್ತಿಸಿಕೊಳ್ಳಲೇಬೇಡಿ, ಮೇಕೇರಿ ಗಾಳಿಗೆ ಗಾಡಿ ಸಮೇತ ಎಳೆದುಬಿಡುತ್ತದೆ.

ಹೊಸದುರ್ಗದವಳು:

ಕೊನೆಯ ಪ್ರಶ್ನೆ. ಮಗಳಿಗೆ ಮೂರು ವರ್ಷ. ಅವಳನ್ನು ಮುಂದೆ ನಿಲ್ಲಿಸಿಕೊಂಡು ಮಡಿಕೇರಿಯ ಪ್ಲೇ ಸ್ಕೂಲಿಗೆ ಕರೆದುಕೊಂಡು ಹೋಗಬಹುದಾ?

ವಿರಾಜಪೇಟೆ ವಕೀಲ:

ಮುಂದೆ ನಿಲ್ಲಿಸಿಕೊಳ್ಳುವುದು ಬೇಡ ಮೇಡಂ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಸವಾರರಿಗೆ ಕಟ್ಟಿಕೊಳ್ಳುವ ಸುರಕ್ಷಾ ಬೆಲ್ಟ್ ಬೇಕು, ಅಳತೆಗೆ ಸರಿಯಾದ ಹೆಲ್ಮೆಟ್ ಬೇಕು, ವೇಗ 40 ದಾಟಬಾರದು. 2023ರ ಫೆಬ್ರವರಿಯಿಂದ ಇದು ಜಾರಿಯಲ್ಲಿದೆ. ನಾಲ್ಕು ವರ್ಷ ದಾಟಿದರೆ ಹೆಲ್ಮೆಟ್ ದೊಡ್ಡವರಷ್ಟೇ ಕಡ್ಡಾಯ.

ನಾಪೋಕ್ಲು ನರ್ಸ್:

ಮುಂದೆ ನಿಂತ ಮಗು ಸಡನ್ ಬ್ರೇಕ್ ಹಾಕಿದರೆ ನೇರ ಹ್ಯಾಂಡಲಿಗೆ ಹೊಡೆಯುತ್ತದೆ. ಆ ವಯಸ್ಸಿಗೆ ಗಾಳಿ ತಾಗಿದ ಕೂಡಲೇ ನಿದ್ದೆಯೂ ಬರುತ್ತದೆ. ಬೆಲ್ಟ್ ಇದ್ದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ ಅಂತ ನಾನು ಹೇಳುತ್ತೇನೆ. ಆ ಚಳಿ, ಮಳೆ ಮಗುವಿಗೆ ಆಗುವುದಿಲ್ಲ.

ಹೊಸದುರ್ಗದವಳು:

ಸರಿ ಹಾಗಾದರೆ. ಮಳೆ ನಿಲ್ಲುವ ತನಕ ಅವಳು ಅಪ್ಪನ ಜೊತೆ ಬಸ್ಸಿನಲ್ಲಿ.

ಘಾಟಿ ಬಸ್ಸಿನವ:

ಬೆಳಿಗ್ಗೆ ಬಸ್ಸಿಗೆ ಸ್ವಲ್ಪ ಬೇಗ ಬಂದು ನಿಲ್ಲಲಿ. ಕಾಲೇಜು ಮಕ್ಕಳು ಹತ್ತಿದ ಮೇಲೆ ಸೀಟು ಸಿಗುವುದಿಲ್ಲ.